ಬ್ರೇಕ್ ಫ್ಲಶ್, ಕೂಲಂಟ್ ಫ್ಲಶ್ ಅಂತ 13,735 ರೂಪಾಯಿ ಬಿಲ್, ಗ್ಯಾರೇಜಿಗೆ ಗಾಡಿ ಬಿಡೋ ಮುಂಚೆ ಓದಿ

ಟ್ರಿಪ್ಪಿಗೆ ಮುಂಚೆ ಅವಸರದಲ್ಲಿ ಗ್ಯಾರೇಜಿಗೆ ಗಾಡಿ ಬಿಡೋರು ದಯವಿಟ್ಟು ಇದನ್ನ ಪೂರ್ತಿ ಓದಿ. ಅಕ್ಕನ ಹತ್ರ 2019ರ ಪೆಟ್ರೋಲ್ ವ್ಯಾಗನಾರ್ ಇದೆ. ಅತ್ತೆ ಮಾವನ್ನ ಹೊರನಾಡಿಗೆ ಕರ್ಕೊಂಡು ಹೋಗಿ, ಹಂಗೇ ಚಾರ್ಮಾಡಿ ಇಳಿದು ಧರ್ಮಸ್ಥಳ ನೋಡ್ಕೊಂಡು ಬರೋ ಪ್ಲಾನ್ ಇತ್ತು, ಭಾವ ಊರಲ್ಲಿರ್ಲಿಲ್ಲ, ಸರಿ ಘಾಟಿ ರೋಡು ಒಂದ್ಸಲ ಚೆಕಪ್ ಮಾಡಿಸಿಬಿಡೋಣ ಅಂತ ಬೆಂಗಳೂರಲ್ಲೇ ರಿಂಗ್ ರೋಡ್ ಪಕ್ಕದ ಒಂದು ದೊಡ್ಡ ಮಲ್ಟಿಬ್ರ್ಯಾಂಡ್ ಗ್ಯಾರೇಜಿಗೆ ಅವಳೇ ಹೋಗಿದಾಳೆ. ಅಲ್ಲಿ ಬ್ರೇಕ್ ಆಯಿಲ್ ಡಬ್ಬಿ ಮುಚ್ಚಳ ತೆಗೆದು ಪೆನ್ ತರದ್ದೊಂದನ್ನ ಅದ್ದಿ ಕೆಂಪು ಲೈಟ್ ತೋರಿಸಿ "ನೀರು ಸೇರ್ಕೊಂಡಿದೆ ಮೇಡಂ, ಘಾಟಿಲಿ ಬ್ರೇಕ್ ಹಿಡಿಯಲ್ಲ, ವಯಸ್ಸಾದವರು ಬೇರೆ ಇರ್ತಾರೆ ಅಂತೀರ, ರಿಸ್ಕ್ ತಗೋಬೇಡಿ" ಅಂದಿದಾರೆ. ಇಷ್ಟು ಹೇಳಿದ್ಮೇಲೆ ಯಾರು ತಾನೇ ಬೇಡ ಅಂತಾರೆ? ಎಲ್ಲಾ ಫ್ಲೂಯಿಡೂ ಬದಲಾಯಿಸಿಬಿಡಿ ಅಂದು ಬಂದಳು.

ಸಂಜೆ ಬಿಲ್ ನೋಡಿ ನನಗೆ ಮೈಯೆಲ್ಲಾ ಉರಿದು ಹೋಯ್ತು. ಇಂಜಿನ್ ಆಯಿಲ್ 4.5 ಲೀಟರ್, ಲೀಟರಿಗೆ 720ರಂತೆ 3,240. ಇಂಜಿನ್ ಫ್ಲಶ್, ಅಂದ್ರೆ ಒಳಗೆಲ್ಲಾ ತೊಳೆಯೋದು, 950. ಬ್ರೇಕ್ ಸಿಸ್ಟಂ ಫ್ಲಶ್ ಪ್ಯಾಕೇಜ್, ಅಂದ್ರೆ ಹಳೇ ಬ್ರೇಕ್ ಆಯಿಲ್ ಪೂರ್ತಿ ತೆಗೆದು ಹೊಸದು ತುಂಬೋದು, 3,200. ಇಂಜಿನ್ ತಣ್ಣಗಿಡೋ ಕೂಲಂಟಿನ ಫ್ಲಶ್ ಪ್ಯಾಕೇಜ್ 2,800. ಪವರ್ ಸ್ಟೀರಿಂಗ್ ಫ್ಲೂಯಿಡ್ 1,450. ಇದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಸೇರಿ 13,735 ರೂಪಾಯಿ.

ಕೊನೇ ಸಾಲಿಂದಲೇ ಶುರು ಮಾಡ್ತೀನಿ. ಈ ಗಾಡಿಲಿ ಇರೋದು ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್, ಮೋಟರ್ ಮೇಲೆ ಕೆಲಸ ಮಾಡೋದು, ಅದರಲ್ಲಿ ಆಯಿಲ್ಲೇ ಇಲ್ಲ, ಹಾಕೋಕೆ ಡಬ್ಬಿನೂ ಇಲ್ಲ! ಈಗ ಬರೋ ಸಣ್ಣ ಕಾರುಗಳಲ್ಲಿ ಹೆಚ್ಚುಕಮ್ಮಿ ಎಲ್ಲದರಲ್ಲೂ ಹಿಂಗೇ. ನಿಮ್ಮ ಬಿಲ್ಲಲ್ಲಿ ಈ ಸಾಲು ಕಂಡ್ರೆ ಬಾನೆಟ್ ಎತ್ತಿಸಿ, ಡಬ್ಬಿ ಎಲ್ಲಿದೆ ತೋರಿಸಿ ಅಂತ ಅಲ್ಲೇ ಕೇಳಿ.

ಆಮೇಲೆ ಇಂಜಿನ್ ಆಯಿಲ್. ಈ ಇಂಜಿನ್ನಿಗೆ ಫಿಲ್ಟರ್ ಸೇರಿ ಹಿಡಿಯೋದೇ ಮೂರು ಲೀಟರ್ ಚಿಲ್ಲರೆ, ಓನರ್ಸ್ ಮ್ಯಾನ್ಯುಯಲ್‌ನಲ್ಲಿ ಎಷ್ಟು ಲೀಟರ್, ಯಾವ ಗ್ರೇಡ್ ಅಂತ ಎಲ್ಲಾ ಇದೆ. ನಾಲ್ಕೂವರೆ ಹಾಕಿದ್ರೆ ಆಯಿಲ್ ಮಟ್ಟ ಅಳೆಯೋ ಡಿಪ್‌ಸ್ಟಿಕ್ ಮೇಲೆ ಗುರುತು ದಾಟಿ ಎಲ್ಲೋ ಇರ್ಬೇಕಿತ್ತು, ತೆಗೆದು ನೋಡಿದ್ರೆ ಸರಿಯಾಗಿ ಗುರುತಿಗೇ ಇದೆ. ಅಂದ್ರೆ ಹಾಕದೇ ಇರೋ ಆಯಿಲ್‌ಗೆ ದುಡ್ಡು ತಗೊಂಡಿದಾರೆ. ಬಿಲ್ಲಲ್ಲಿ ಗ್ರೇಡಿಲ್ಲ, ಬ್ರ್ಯಾಂಡಿಲ್ಲ, ಆಯಿಲ್ ಫಿಲ್ಟರ್ ಸಾಲೂ ಇಲ್ಲ. ಕೆಳಗೆ ಬಗ್ಗಿ ನೋಡಿದ್ರೆ ಹಳೇ ಫಿಲ್ಟರ್ರೇ ಧೂಳು ಮೆತ್ಕೊಂಡು ಕೂತಿದೆ. ಇಂಜಿನ್ ಫ್ಲಶ್ ಅನ್ನೋದಂತೂ ಮ್ಯಾನ್ಯುಯಲ್‌ನ ಸರ್ವೀಸ್ ಪಟ್ಟಿಯಲ್ಲೇ ಇಲ್ಲ. ಆಯಿಲ್ ಕಪ್ಪಾಗಿದೆ ನೋಡಿ ಅಂತ ಟಿಶ್ಯೂ ಮೇಲೆ ಒಂದು ಹನಿ ಬಿಟ್ಟು ತೋರಿಸ್ತಾರೆ, ಅದಕ್ಕೆ ಹೆದರಬೇಡಿ, ಓಡ್ತಾ ಓಡ್ತಾ ಇಂಜಿನ್ ಆಯಿಲ್ ಕಪ್ಪಾಗೋದು ಸಹಜ, ಡೀಸೆಲ್ ಗಾಡಿಲಂತೂ ಹಾಕಿದ ಸ್ವಲ್ಪ ದಿನಕ್ಕೇ ಆಗುತ್ತೆ. ಕಿಲೋಮೀಟರ್ ಎಷ್ಟಾಗಿದೆ, ಎಷ್ಟು ತಿಂಗಳಾಗಿದೆ ಅನ್ನೋದು ನೋಡ್ಬೇಕು.

ಇಷ್ಟರಲ್ಲೇ ಮುಗಿದಿದ್ರೆ ಬರೀ ದುಡ್ಡಿನ ವಿಷಯ ಅಂತ ಬಿಟ್ಟುಬಿಡ್ತಿದ್ನೇನೋ. ಬ್ರೇಕ್ ವಿಷಯ ಹಂಗಲ್ಲ, ಅದಕ್ಕೇ ಇಷ್ಟು ಉದ್ದ ಬರೀತಿರೋದು. ಬ್ರೇಕ್ ಫ್ಲೂಯಿಡ್, ಅಂದ್ರೆ ಬ್ರೇಕ್ ಆಯಿಲ್, ಗಾಳಿಲಿರೋ ತೇವ ಹೀರ್ಕೊಳ್ಳೋದು ನಿಜ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು ಅನ್ನೋದೂ ನಿಜ. ಡಾಟ್ 4 ಅನ್ನೋ ಗ್ರೇಡಿನ ಹೊಸ ಬ್ರೇಕ್ ಫ್ಲೂಯಿಡ್ ಕುದಿಯೋಕೆ ಕನಿಷ್ಠ 230 ಡಿಗ್ರಿ ಬೇಕು, ತೇವ ಸೇರಿದ್ಮೇಲೆ ಅದರ ಕನಿಷ್ಠ ಮಟ್ಟ 155. ಘಾಟಿ ಇಳೀವಾಗ ಬ್ರೇಕ್ ಒತ್ತುತ್ತಾನೇ ಇದ್ರೆ ಬಿಸಿ ಏರಿ ಫ್ಲೂಯಿಡ್ ಒಳಗೆ ಆವಿ ಗುಳ್ಳೆ ಆಗುತ್ತೆ, ಪೆಡಲ್ ಮೆತ್ತಗೆ ಒಳಗೆ ಹೋಗ್ಬಿಡುತ್ತೆ. ಹಾಗಾಗಿ ಗ್ಯಾರೇಜಿನವರು ಹೇಳಿದ ಕಾರಣ ಸುಳ್ಳಲ್ಲ. ಮಾಡಿದ ಕೆಲಸ ಸುಳ್ಳು.

ಅದು ಗೊತ್ತಾಗಿದ್ದು ನಮ್ಮ ಏರಿಯಾದ ಹಳೇ ಮೆಕ್ಯಾನಿಕ್ ಅಣ್ಣನ ಹತ್ರ ಗಾಡಿ ತಗೊಂಡು ಹೋದಾಗ. ಮೇಲಿನ ಡಬ್ಬಿಲಿ ಫ್ಲೂಯಿಡ್ ಹೊಸದೇ, ತಿಳಿ ಹಳದಿ. ಅಣ್ಣ ಹಿಂದಿನ ಎಡ ಚಕ್ರ ಬಿಚ್ಚಿ, ಹಳೇ ಫ್ಲೂಯಿಡ್ ಹೊರಗೆ ಬಿಡೋ ಬ್ಲೀಡಿಂಗ್ ನಿಪ್ಪಲ್ಲಿಗೆ ಟ್ರಾನ್ಸ್‌ಪರೆಂಟ್ ಪೈಪ್ ಸಿಕ್ಕಿಸಿ ಬಾಟ್ಲಿಗೆ ಬಿಟ್ಟು, ನನ್ನ ಕೈಲಿ ಪೆಡಲ್ ಒತ್ತಿಸಿದ್ರು. ಪೈಪಲ್ಲಿ ಬಂದಿದ್ದು ಡಿಕಾಕ್ಷನ್ ತರ ಕಪ್ಪಗೆ. ನಾಲ್ಕೂ ಚಕ್ರದಲ್ಲೂ ಅದೇ ಕಥೆ. "ಸಿರಿಂಜಲ್ಲಿ ಮೇಲಿಂದು ಎಳ್ದು ಹೊಸದು ತುಂಬವ್ರೆ ಸಾರ್, ಲೈನಲ್ಲಿರೋದು ಹಂಗೇ ಐತೆ" ಅಂದ್ರು. ಪೆನ್ ಟೆಸ್ಟ್ ಮಾಡೋದು ಡಬ್ಬಿಲಿರೋ ಫ್ಲೂಯಿಡನ್ನ ಮಾತ್ರ, ಹಾಗಾಗಿ ವಾಪಸ್ ಕೊಡುವಾಗ ಹಸಿರು ಲೈಟ್ ಬರದೇ ಇನ್ನೇನು. ಅಕ್ಕ ಅದೇ ಹಸಿರು ಲೈಟ್ ನಂಬಿ ಅತ್ತೆ ಮಾವನ್ನ ಕೂರಿಸ್ಕೊಂಡು ಚಾರ್ಮಾಡಿ ಇಳೀತಿದ್ಲು ಅನ್ನೋದನ್ನ ನೆನೆಸ್ಕೊಂಡ್ರೆ ಈಗ್ಲೂ ಎದೆ ಝಲ್ ಅನ್ನುತ್ತೆ.

ಅಣ್ಣ ನಾಲ್ಕೂ ಚಕ್ರ ಬ್ಲೀಡ್ ಮಾಡಿ ತಗೊಂಡಿದ್ದು ಎಷ್ಟು ಗೊತ್ತಾ? ಅರ್ಧ ಲೀಟರಿನ ಎರಡು ಬಾಟ್ಲಿ 480, ಲೇಬರ್ 600, ಒಟ್ಟು 1,080. ಇದೇ ಕೆಲಸಕ್ಕೆ ಆ ಗ್ಯಾರೇಜಲ್ಲಿ ಟ್ಯಾಕ್ಸ್ ಸೇರಿ 3,776.

ನ್ಯಾಯವಾದ ರೇಟು ಯಾವುದು ಅಂತ ನೋಡೋಕೆ ಇದೇ ಲೆಕ್ಕ ಸಾಕು, ಎಷ್ಟು ಲೀಟರ್ ಹಿಡಿಯುತ್ತೆ, ಬಾಟ್ಲಿ ಎಂಆರ್‌ಪಿ ಎಷ್ಟು, ಲೇಬರ್ ಎಷ್ಟು. ಮೂರನ್ನೂ ಬೇರೆ ಬೇರೆ ಬರೆಸ್ಕೊಳ್ಳಿ, ಪ್ಯಾಕೇಜ್ ಅಂತ ಒಂದೇ ಸಾಲು ಬರೆದ್ರೆ ಒಪ್ಪಬೇಡಿ. ಜೆ.ಸಿ. ರೋಡ್ ಅಂಗಡೀಲಿ ವಿಚಾರಿಸಿದ್ರೆ ರೆಡಿ ಮಿಕ್ಸ್ ಕೂಲಂಟ್ ಲೀಟರಿಗೆ 250ರ ಆಸುಪಾಸು ಹೇಳಿದ್ರು, ಆದ್ರೆ ಆ 2,800ರಲ್ಲಿ ಕೂಲಂಟ್ ಎಷ್ಟು, ಲೇಬರ್ ಎಷ್ಟು ಅಂತ ಬಿಲ್ಲಲ್ಲಿ ಬರೆದೇ ಇಲ್ಲ. ಸೀಲ್ ಇರೋ ಬಾಟ್ಲಿ ನಿಮ್ಮೆದುರೇ ಒಡೆಸಿ, ಖಾಲಿ ಬಾಟ್ಲಿ, ಹಳೇ ಫಿಲ್ಟರ್ ಮನೆಗೆ ತಗೊಂಡು ಬನ್ನಿ. ಎಂಆರ್‌ಪಿ ಅಂದ್ರೆ ಎಲ್ಲಾ ಟ್ಯಾಕ್ಸೂ ಸೇರಿರೋ ರೇಟು, ಅದರ ಮೇಲೆ ಮತ್ತೆ ಜಿಎಸ್‌ಟಿ ಹಾಕೋ ಹಾಗಿಲ್ಲ. ಜಿಎಸ್‌ಟಿ ತಗೋಬೇಕಾದ್ರೆ ಬಿಲ್ ಮೇಲೆ 15 ಅಕ್ಷರದ ನಂಬರ್ ಇರ್ಲೇಬೇಕು, ಕರ್ನಾಟಕದ್ದು 29ರಿಂದ ಶುರುವಾಗುತ್ತೆ, ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದ್ರೆ ಯಾರ ಹೆಸರಲ್ಲಿದೆ ಅಂತ ಬರುತ್ತೆ. ಅಕ್ಕನ ಬಿಲ್ಲಲ್ಲಿ ನಂಬರ್ರೇ ಇರ್ಲಿಲ್ಲ.

ಹಂಗಂತ ಬಿಲ್ ಜಾಸ್ತಿ ಬಂದ ತಕ್ಷಣ ಮೋಸ ಅಂತಲೂ ಅಲ್ಲ. ಫುಲ್ ಸಿಂಥೆಟಿಕ್ ಆಯಿಲ್ ಮಿನರಲ್‌ಗಿಂತ ತುಂಬಾ ದುಬಾರಿ, ಸಿವಿಟಿ ಅನ್ನೋ ಗೇರ್ ಬಾಕ್ಸ್ ಇರೋ ಆಟೋಮ್ಯಾಟಿಕ್ ಗಾಡಿಗೆ ಅದರದ್ದೇ ಫ್ಲೂಯಿಡ್ ಬೇಕು, ಅಲ್ಲಿ ಕಮ್ಮಿ ರೇಟಿಗೆ ಮಾಡ್ತೀನಿ ಅನ್ನೋರ ಮೇಲೇ ಅನುಮಾನ ಪಡಬೇಕು. ಕಂಪನಿ ಸರ್ವೀಸ್ ಸೆಂಟರಲ್ಲಿ ಲೇಬರ್ ಜಾಸ್ತಿ ಇರುತ್ತೆ, ಆದ್ರೆ ರೇಟ್ ಚಾರ್ಟ್ ಕೇಳಿದ್ರೆ ತೋರಿಸ್ತಾರೆ.

ಬಿಲ್ಲು, ಡಿಪ್‌ಸ್ಟಿಕ್ ಫೋಟೋ, ಬಾಟ್ಲಿಲಿ ಹಿಡಿದ ಕಪ್ಪು ಫ್ಲೂಯಿಡ್ ಎಲ್ಲಾ ತಗೊಂಡು ಗ್ಯಾರೇಜಿಗೆ ವಾಪಸ್ ಹೋದ್ವಿ. ಓನರ್ ಮೊದಲು "ಅದು ಪ್ಯಾಕೇಜ್ ರೇಟು ಸರ್" ಅಂದ್ರು, ಸ್ಟೀರಿಂಗ್ ಡಬ್ಬಿ ತೋರಿಸಿ ಅಂದಾಗ ಕಂಪ್ಯೂಟರಲ್ಲಿ ತಪ್ಪಾಗಿದೆ ಅಂದ್ರು, ಜಿಎಸ್‌ಟಿ ನಂಬರ್ ಕೇಳಿದ್ಮೇಲೆ ಸ್ಟೀರಿಂಗಿನ 1,450, ಟ್ಯಾಕ್ಸಿನ 2,095, ಎರಡೂ ಯುಪಿಐ ಮಾಡಿದ್ರು. ಬ್ರೇಕ್ ವಿಷಯ ಮಾತ್ರ ಒಪ್ಪಲೇ ಇಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದೀವಿ, ದೂರಿನ ನಂಬರ್ ಬಂದಿದೆ, ಗ್ಯಾರೇಜಿಂದ ಇನ್ನೂ ಉತ್ತರ ಇಲ್ಲ. ಬರ್ಲಿಲ್ಲ ಅಂದ್ರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗ್ತೀವಿ, ಕೊಟ್ಟಿರೋ ದುಡ್ಡು 5 ಲಕ್ಷದ ಒಳಗಿದ್ರೆ ಅಲ್ಲಿ ಫೀಸಿಲ್ಲ, ಲಾಯರ್ ಇಡ್ಲೇಬೇಕು ಅಂತಲೂ ಇಲ್ಲ, ಎರಡು ವರ್ಷದ ಒಳಗೆ ಹಾಕಿದ್ರಾಯ್ತು.