ಅಪ್ಪನ ಕೋಣೆಯ ಗಡಿಯಾರ: ಹತ್ತು ತಿಂಗಳು ಬಳಸಿದ ಮೇಲೆ

ಅಪ್ಪನಿಗೆ ಡಿಮೆನ್ಷಿಯಾ. ಆರೈಕೆ ಕೇಂದ್ರ ಸೇರಿ ಒಂದೂವರೆ ವರ್ಷವಾಯಿತು. "ಇವತ್ತು ಯಾವ ವಾರ?" ಅಂತ ಗಂಟೆಗೆ ನಾಲ್ಕು ಸಲ ಕೇಳುತ್ತಿದ್ದರು. ಅದಕ್ಕೇ ಮರೆವಿನ ಕಾಯಿಲೆಯವರಿಗೆ ಅಂತಲೇ ಮಾರುವ ಈ ಡಿಜಿಟಲ್ ಗಡಿಯಾರ ತಂದೆ. 8 ಇಂಚಿನ ಪರದೆ, ಮುಳ್ಳಿಲ್ಲ. ವಾರ, ತಾರೀಖು, ಬೆಳಿಗ್ಗೆಯೋ ರಾತ್ರಿಯೋ ಅನ್ನೋದು ದಪ್ಪ ಅಕ್ಷರದಲ್ಲಿ ಬರುತ್ತದೆ. ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ, ಇಂಗ್ಲಿಷಲ್ಲೇ ಇಟ್ಟೆ.

ಮೊದಲು ಒಳ್ಳೆಯದು ಹೇಳಿಬಿಡುತ್ತೇನೆ. ಅಪ್ಪ ರಾತ್ರಿ ಮೂರಕ್ಕೆ ಎದ್ದು, ಶರಟು ಹಾಕಿಕೊಂಡು, ಆಫೀಸಿಗೆ ಹೊತ್ತಾಯ್ತು ಅಂತ ಬಾಗಿಲಲ್ಲಿ ನಿಲ್ಲುತ್ತಿದ್ದರು. ಗೋಡೆ ಗಡಿಯಾರದಲ್ಲಿ ಮೂರು ಅಂದರೆ ಮೂರು ಅಷ್ಟೇ, ಹಗಲೋ ರಾತ್ರಿಯೋ ಅದು ಹೇಳಲ್ಲ. ಇದರಲ್ಲಿ 'ನೈಟ್' ಅಂತ ಬರುತ್ತದೆ. ರಾತ್ರಿ ಪಾಳಿಯವರು ಎಷ್ಟು ಹೇಳಿದರೂ ಒಪ್ಪದ ಮನುಷ್ಯ, ಪರದೆ ನೋಡಿ ಶರಟಿನ ಗುಂಡಿ ತಾನೇ ಬಿಚ್ಚುತ್ತಿದ್ದರಂತೆ. ಜೀವಮಾನವೆಲ್ಲ ಲೆಕ್ಕ ಬರೆದವರು. ಬಾಯಿಮಾತಿಗಿಂತ ಬರಹದ ಮೇಲೆ ನಂಬಿಕೆ ಜಾಸ್ತಿ.

ಮಾತ್ರೆ ನೆನಪಿಸುವ ದನಿ ಮಾತ್ರ ಬೇಡವೇ ಬೇಡ. ಅಲ್ಲಿ ಮಾತ್ರೆ ಕೊಡುವುದು ನರ್ಸ್, ಈ ಅಲಾರಂ ಯಾರಿಗೆ? ಮೊದಲ ದಿನ ಅದು ಮಾತಾಡಿದಾಗ ಅಪ್ಪ ಮಂಚದ ಕೆಳಗೆ ಬಗ್ಗಿ, "ಯಾರಮ್ಮಾ ನೀನು, ಹೊರಗೆ ಬಾ" ಅಂದರು. ನನಗೆ ನಗು, ಅವರಿಗೆ ನಡುಕ. ಆಗಲೇ ಆಫ್ ಮಾಡಿದೆ.

ನಾನು ಎಣಿಸದೇ ಇದ್ದದ್ದು ಸಂಜೆಯ ಕಥೆ. ಡಿಮೆನ್ಷಿಯಾ ಇರುವ ತುಂಬಾ ಜನರಿಗೆ ಹೊತ್ತು ಮುಳುಗುವಾಗ ಚಡಪಡಿಕೆ ಹೆಚ್ಚಾಗುತ್ತದೆ. ಅಪ್ಪ 'ಈವ್ನಿಂಗ್' ಅಂತ ಓದಿದ ಕೂಡಲೇ ಚಪ್ಪಲಿ ಹುಡುಕುತ್ತಿದ್ದರು. ಸಂಜೆಯಾಯ್ತು ಅಂದಮೇಲೆ ಮನೆಗೆ ಹೋಗಬೇಕು ಅಲ್ವಾ! ತಪ್ಪು ಗಡಿಯಾರದ್ದೂ ಅಲ್ಲ, ಅವರದ್ದೂ ಅಲ್ಲ. ಈಗ ಅಲ್ಲಿನ ಆಯಾ ಐದು ಗಂಟೆಗೆ ಅದನ್ನು ಗೋಡೆ ಕಡೆ ತಿರುಗಿಸಿ, ಕಿಟಕಿಯ ಪರದೆ ಎಳೆದು, ಕತ್ತಲಾಗುವ ಮುಂಚೆಯೇ ದೀಪ ಹಾಕುತ್ತಾರೆ. ಊಟ ಆದಮೇಲೆ ಮತ್ತೆ ಈ ಕಡೆಗೆ ತಿರುಗಿಸುತ್ತಾರೆ. ಇದು ಯಾವ ಕೈಪಿಡಿಯಲ್ಲೂ ಇರಲಿಲ್ಲ, ಅವರೇ ಕಂಡುಕೊಂಡಿದ್ದು.

ಸಣ್ಣಪುಟ್ಟ ದೂರು: ರಾತ್ರಿ ಬೆಳಕು ತಾನಾಗಿ ಕಡಿಮೆಯಾಗಬೇಕು, ಆದರೆ ಆ ಸೆಟ್ಟಿಂಗ್ ಹುಡುಕಲು ಅರ್ಧ ಗಂಟೆ ಬೇಕು. ಕಿಟಕಿ ಎದುರು ಇಟ್ಟರೆ ಹೊಳಪಿಗೆ ಅಕ್ಷರ ಕಾಣಲ್ಲ. ವೈರು ಗಿಡ್ಡ.

ಎರಡು ತಿಂಗಳಿಂದ ಅಪ್ಪ 'ವೆನ್ಸ್‌ಡೇ' ಅಂತ ಜೋರಾಗಿ ಓದುತ್ತಾರೆ, ಓದಿ ಮುಗಿಸಿ "ಇವತ್ತು ಯಾವ ವಾರ?" ಅಂತ ಕೇಳುತ್ತಾರೆ. ನಾನು 'ಬುಧವಾರ' ಅಂದರೆ ತಲೆಯಾಡಿಸುತ್ತಾರೆ.

ಐದಕ್ಕೆ ಮೂರು ಕೊಡುತ್ತೇನೆ. ಕೊಳ್ಳುವ ಮುಂಚೆ, ಗಡಿಯಾರ ತೋರಿಸುವ ಭಾಷೆಯಲ್ಲೇ ವಾರದ ಹೆಸರನ್ನು ಕಾಗದದ ಮೇಲೆ ದಪ್ಪಗೆ ಬರೆದು ನಿಮ್ಮವರಿಗೆ ತೋರಿಸಿ. "ಓ, ಇವತ್ತು ಬುಧವಾರಾನಾ" ಅಂದರೆ ತಗೊಳ್ಳಿ. ಸುಮ್ನೆ ಅಕ್ಷರ ಓದಿ ನಿಮ್ಮ ಮುಖ ನೋಡಿದರೆ, ದುಡ್ಡು ಉಳಿಸಿಕೊಳ್ಳಿ.