ಮೈಕ್‌ಗೆ ಹೊಸ ಟ್ಯೂಬ್: ನಾಲ್ಕು ಹಾಕಿ ನೋಡಿದೆ

ಅಜ್ಜಿಯ ಸೋಬಾನೆ ಪದಗಳನ್ನು ರೆಕಾರ್ಡ್ ಮಾಡುವಾಗ ನನ್ನ ಟ್ಯೂಬ್ ಮೈಕ್ (ಸಿಗ್ನಲ್ ಹಿಗ್ಗಿಸಲು ಒಳಗೆ ಗಾಜಿನ ನಿರ್ವಾತ ಕೊಳವೆ, ಅಂದರೆ ಟ್ಯೂಬ್, ಇರುವ ಮೈಕ್) ಚಟಪಟ ಅನ್ನತೊಡಗಿತು. ಅಜ್ಜಿ ಹಾಡುವುದೇ ಮೆಲ್ಲಗೆ. ಅವರು ಉಸಿರು ತೆಗೆದುಕೊಳ್ಳುವ ಕಡೆಯೆಲ್ಲ ಸುಂಯ್ ಅನ್ನುವ ಸದ್ದು ಬೇರೆ. ಒಳಗಿದ್ದದ್ದು 12ಎಎಕ್ಸ್7 ಅನ್ನುವ ಟ್ಯೂಬ್. ಅದರ ಜಾಗಕ್ಕೆ ಹೊಸ 12ಎಎಕ್ಸ್7, 12ಎವೈ7, 12ಎಯು7 ಮತ್ತು ಹಳೇ ಸ್ಟಾಕಿನ ಅಮೆರಿಕದ 6072ಎ ತರಿಸಿದೆ. ನಾಲ್ಕಕ್ಕೂ ಪಿನ್ ಜೋಡಣೆ ಒಂದೇ, ಹೀಟರ್ (ಟ್ಯೂಬನ್ನು ಒಳಗಿಂದ ಬಿಸಿ ಮಾಡುವ ತಂತಿ) ವೋಲ್ಟೇಜೂ ಒಂದೇ. 6922 ಅನ್ನುವ ಇನ್ನೊಂದು ಟ್ಯೂಬ್‌ಗೂ ಇವುಗಳ ಹಾಗೆ ಒಂಬತ್ತೇ ಪಿನ್, ಆದರೆ ಹೀಟರ್ ವೈರಿಂಗ್ ಬೇರೆ. ಅದನ್ನು ಇಲ್ಲಿ ಸಿಕ್ಕಿಸಬೇಡಿ.

ಟ್ಯೂಬ್ ಬದಲಿಸುವ ಮೊದಲು ಪವರ್ ಆಫ್ ಮಾಡಿ ಸಾಕಷ್ಟು ಹೊತ್ತು ಕಾಯಲೇಬೇಕು. ಒಳಗೆ 100 ವೋಲ್ಟ್‌ಗಿಂತ ಜಾಸ್ತಿ ಇರುತ್ತದೆ, ಕೆಪಾಸಿಟರ್‌ಗಳು ಅದನ್ನು ಹಿಡಿದಿಟ್ಟುಕೊಂಡಿರುತ್ತವೆ. ಪ್ರತಿ ಟ್ಯೂಬ್ ಅರ್ಧ ಗಂಟೆ ಬಿಸಿಯಾದ ಮೇಲೆ ನನ್ನ ದನಿ, ತಂಬೂರಿ, ಆಮೇಲೆ ನಡುರಾತ್ರಿಯ ಖಾಲಿ ಕೋಣೆ, ಹೀಗೆ ಮೂರನ್ನೂ ರೆಕಾರ್ಡ್ ಮಾಡಿದೆ. ಕೇಳುವ ಮುಂಚೆ ಲೆವೆಲ್ ಸಮ ಮಾಡಿಕೊಂಡೆ. ಇಲ್ಲದಿದ್ದರೆ ಜೋರಾಗಿರುವುದೇ ಚೆನ್ನಾಗಿದೆ ಅನ್ನಿಸಿಬಿಡುತ್ತದೆ, ಅಲ್ವಾ?

ಮೆಲ್ಲನೆಯ ದನಿಗೆ ಗೇನ್ ಜಾಸ್ತಿ ಇರುವ ಟ್ಯೂಬೇ ಬೇಕು ಅಂದುಕೊಂಡಿದ್ದೆ. ಅದು ತಪ್ಪು. ಹೊಸ 12ಎಎಕ್ಸ್7ನ ಆಂಪ್ಲಿಫಿಕೇಶನ್ ಫ್ಯಾಕ್ಟರ್ (ಟ್ಯೂಬ್ ಸಿಗ್ನಲನ್ನು ಎಷ್ಟು ಹಿಗ್ಗಿಸಬಲ್ಲದು ಅನ್ನುವ ಅಳತೆ) 100. ಚಟಪಟ ನಿಂತಿತು, ಸುಂಯ್ ಮಾತ್ರ ಪೂರ್ತಿ ಹೋಗಲಿಲ್ಲ. ಮೈಕ್ ಮೈಗೆ ಪೆನ್ಸಿಲ್ ತಾಗಿಸಿದರೆ ಗಂಟೆಯ ಹಾಗೆ ಅನುರಣಿಸಿತು. ಸ, ಶ ಅಕ್ಷರಗಳು ಕಿವಿಗೆ ಚುಚ್ಚಿದವು.

12ಎವೈ7ನ ಫ್ಯಾಕ್ಟರ್ 44. ಪ್ರೀಆಂಪನ್ನು (ಮೈಕ್‌ನಿಂದ ಬಂದ ಸಿಗ್ನಲನ್ನು ಏರಿಸುವ ಸಾಧನ) ಸುಮಾರು 6 ಡಿಬಿ ಏರಿಸಬೇಕಾಯಿತು. ಆದರೂ ಖಾಲಿ ಕೋಣೆ ನಿಜವಾಗಿ ಖಾಲಿ ಅನ್ನಿಸಿತು! ಪೆನ್ಸಿಲ್ ತಾಗಿಸಿದರೆ ಟಕ್ ಅಂದು ನಿಂತಿತು. ತಂಬೂರಿಯ ಮಂದ್ರ ತಂತಿ ತುಂಬಿಕೊಂಡು ಬಂತು, ದನಿಯ ಅಂಚು ಮೆದುವಾಯಿತು.

12ಎಯು7 ಒಂದೇ ದಿನ ಇತ್ತು. ಫ್ಯಾಕ್ಟರ್ 20ರ ಆಸುಪಾಸು, ಪ್ರೀಆಂಪ್ ಎಷ್ಟು ಏರಿಸಿದೆನೆಂದರೆ ಅದರದೇ ಸದ್ದು ಕೇಳಿಸಿತು. ಈ ಟ್ಯೂಬ್‌ಗೆ ಕರೆಂಟೂ ಜಾಸ್ತಿ ಬೇಕು. 12ಎಎಕ್ಸ್7ಗೆಂದು ಮಾಡಿದ ಸರ್ಕೀಟ್ ಅಷ್ಟು ಕೊಡುವುದಿಲ್ಲ. ದನಿ ಮಂಕಾಯಿತು.

6072 ಅಂದರೆ 12ಎವೈ7ನದೇ ಕಡಿಮೆ ಸದ್ದಿನ ರೂಪ. ವಿಯೆನ್ನಾದ ಎಕೆಜಿ 1953ರಲ್ಲಿ ತಂದ ಸಿ12 ಮೈಕ್‌ನಲ್ಲಿದ್ದದ್ದೂ ಇದೇ. ಆ ಆಸೆಗೇ 12ಎವೈ7ನ ಮೂರರಷ್ಟು ದುಡ್ಡು ಕೊಟ್ಟೆ. ತಮ್ಮನ ಕೈಯಲ್ಲಿ ಹೆಸರು ಮರೆಮಾಡಿ ಎರಡರ ಕ್ಲಿಪ್‌ಗಳನ್ನೂ ಹಾಕಿಸಿದೆ. ಹಾಡಿನಲ್ಲಾಗಲಿ ತಂಬೂರಿಯಲ್ಲಾಗಲಿ ನನಗೆ ಗುರುತು ಸಿಗಲಿಲ್ಲ. ಹೆಡ್‌ಫೋನ್ ಪೂರ್ತಿ ಏರಿಸಿ ಖಾಲಿ ಕೋಣೆ ಕೇಳಿದಾಗ ಮಾತ್ರ 6072ಎ ಒಂದು ಕೂದಲೆಳೆ ಮುಂದಿತ್ತು.

ಈಗ ಮೈಕ್‌ನಲ್ಲಿರುವುದು 12ಎವೈ7. ಅದೇ ಕಂಪನಿಯ ಇನ್ನೊಂದನ್ನು ಇರಲಿ ಅಂತ ತರಿಸಿದೆ, ಅದರಲ್ಲಿ ಸುಂಯ್ ಸ್ವಲ್ಪ ಜಾಸ್ತಿ. ಒಂದೇ ಹೆಸರಿನ ಎರಡು ಟ್ಯೂಬ್ ಒಂದೇ ಥರ ಇರುವುದಿಲ್ಲ. ಹಾಗಾಗಿ ಮೈಕ್‌ಗೆ ಅಂತ ಹೇಳಿ, ಸದ್ದು ಟೆಸ್ಟ್ ಮಾಡಿ ಕೊಡುವವರ ಹತ್ತಿರವೇ ತಗೊಳ್ಳಿ.