ಕ್ಲೋನ್‌ಜಿಲ್ಲಾ: ಮೂರು ವರ್ಷ ಬಳಸಿದ ಮೇಲೆ

ಡೊಂಬಿವಲಿಯಲ್ಲಿ ನನ್ನದು ಸಣ್ಣ ಡಿಟಿಪಿ ಅಂಗಡಿ. ಮುಂಬೈಯ ಕನ್ನಡ ಸಂಘಗಳ ಸ್ಮರಣ ಸಂಚಿಕೆ, ಮದುವೆಯ ಕರೆಯೋಲೆ, ಯಕ್ಷಗಾನದ ಕರಪತ್ರ ಎಲ್ಲಕ್ಕೂ ಇಲ್ಲಿಯೇ ಅಕ್ಷರ ಜೋಡಣೆ. ಹಳೆಯ ಕಡತಗಳೆಲ್ಲ ಪುಟ ವಿನ್ಯಾಸದ ತಂತ್ರಾಂಶವಾದ ಪೇಜ್‌ಮೇಕರ್ 7ರಲ್ಲಿ, ‘ನುಡಿ’ ತಂತ್ರಾಂಶದ ಯೂನಿಕೋಡ್‌ಪೂರ್ವ ಫಾಂಟ್‌ಗಳಲ್ಲಿವೆ. ವಿಂಡೋಸ್ ಹೊಸದಾಗಿ ಹಾಕಿದರೆ ಈ ಸಂಸಾರವನ್ನು ಮತ್ತೆ ಹೂಡಲು ಒಂದು ವಾರ ಬೇಕು. ಹಾಗಾಗಿ ಡಿಸ್ಕ್ ಬದಲಿಸುವಾಗಲೆಲ್ಲ ಇದ್ದದ್ದನ್ನು ಇದ್ದಂತೆಯೇ ನಕಲು ಮಾಡಿಕೊಳ್ಳುತ್ತೇನೆ. ಡಿಸ್ಕನ್ನು ಹೀಗೆ ನಕಲು ಮಾಡುವ ತಂತ್ರಾಂಶವೇ ಕ್ಲೋನ್‌ಜಿಲ್ಲಾ.

ಮೂರು ವರ್ಷದ ಹಿಂದೆ ಲ್ಯಾಮಿಂಗ್ಟನ್ ರಸ್ತೆಯಿಂದ 512 ಜಿಬಿಯ ಎಸ್‌ಎಸ್‌ಡಿ, ಅಂದರೆ ಹಳೆಯದಕ್ಕಿಂತ ವೇಗದ ಡಿಸ್ಕ್, ತಂದೆ. ಎಲ್ಲಿಂದಲೋ ಇಳಿಸಿಕೊಂಡ ಒಂದು ಕ್ಲೋನಿಂಗ್ (ನಕಲು ಮಾಡುವ) ತಂತ್ರಾಂಶ ಸಿ ಡ್ರೈವನ್ನಷ್ಟೇ ತೋರಿಸಿತು, ನಾನು ಒಪ್ಪಿಗೆ ಒತ್ತಿದೆ. ಕೆಲಸ ಮುಗಿಯಿತೆಂದು ಹಳೆಯ ಡಿಸ್ಕ್ ಕಳಚಿ ಗಣಕ ಚಾಲೂ ಮಾಡಿದರೆ ಕಪ್ಪು ಪರದೆ, ‘ನೋ ಬೂಟಬಲ್ ಡಿವೈಸ್’ (ಚಾಲೂ ಮಾಡಬಲ್ಲ ಡಿಸ್ಕ್ ಇಲ್ಲ). ನವರಾತ್ರಿ ಸಂಚಿಕೆ ಅಚ್ಚಿಗೆ ಹೋಗಲು ಎರಡೇ ದಿನ ಉಳಿದಿತ್ತು. ಎರಡೂ ಡಿಸ್ಕ್ ಜೋಡಿಸಿದಾಗ ಗಣಕ ಎದ್ದಿತು. ರಿಪೇರಿಯವರು ‘ಸರಿಯಾಯಿತಲ್ಲ, ಎರಡೂ ಹಾಗೆಯೇ ಇರಲಿ’ ಎಂದರು. ನನಗೆ ಸಮಾಧಾನವಾಗಲಿಲ್ಲ, ಏಕೆಂದರೆ ಪೇಜ್‌ಮೇಕರ್ ತೆರೆಯಲು ಮೊದಲಿನಷ್ಟೇ ಹೊತ್ತು ಹಿಡಿಯುತ್ತಿತ್ತು.

ಡಿಸ್ಕ್‌ಗಳ ವಿಭಾಗಗಳನ್ನು ತೋರಿಸುವ ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ನೋಡಿದೆ. ವಿಂಡೋಸ್ ಯಾವುದರಿಂದ ಓಡುತ್ತಿದೆ ಎಂದು ತೋರಿಸುವ ‘ಬೂಟ್’ ಎಂಬ ಪದ 465 ಜಿಬಿ ಎಂದು ಕಾಣುವ ಹಳೆಯ ಡಿಸ್ಕಿನ ಸಾಲಿನಲ್ಲಿಯೇ ಇತ್ತು. ಆ ಸಾಲಿನ ಎಡತುದಿಯಲ್ಲಿ 100 ಎಂಬಿಯ ಒಂದು ಪುಟ್ಟ ಚೌಕ: ಇಎಫ್‌ಐ ಸಿಸ್ಟಮ್ ಪಾರ್ಟಿಷನ್. ಹೊಸ ಡಿಸ್ಕಿನಲ್ಲಿ ಆ ಚೌಕವೇ ಇರಲಿಲ್ಲ. ವಿಂಡೋಸನ್ನು ಎಬ್ಬಿಸುವ ಬೂಟ್ ಮ್ಯಾನೇಜರ್ ಇರುವುದು ಅದರಲ್ಲಿ. ಮನೆಯ ಸಾಮಾನೆಲ್ಲ ಸಾಗಿಸಿ ಬೀಗದಕೈಯನ್ನು ಹಳೆಯ ಮನೆಯಲ್ಲಿಯೇ ಬಿಟ್ಟು ಬಂದಂತಾಗಿತ್ತು.

ಆ ರಾತ್ರಿ ಕ್ಲೋನ್‌ಜಿಲ್ಲಾವನ್ನು ಪೆನ್‌ಡ್ರೈವಿಗೆ ಹಾಕಿಕೊಂಡೆ. ತೈವಾನಿನಲ್ಲಿ ರೂಪುಗೊಂಡ ಈ ಮುಕ್ತ ತಂತ್ರಾಂಶ ಪೂರ್ತಿ ಉಚಿತ. ವಿಂಡೋಸ್ ಚಾಲೂ ಇಲ್ಲದಿರುವಾಗ ಪೆನ್‌ಡ್ರೈವಿನಿಂದಲೇ ಓಡುತ್ತದೆ, ಡಿಸ್ಕಿನ ಎಲ್ಲ ವಿಭಾಗಗಳನ್ನೂ ಒಟ್ಟಿಗೆ ನಕಲು ಮಾಡುತ್ತದೆ. ಡಿಸ್ಕಿನಲ್ಲಿ ತುಂಬಿರುವ ಭಾಗವನ್ನಷ್ಟೇ ಓದುವುದರಿಂದ ನನ್ನ 180 ಜಿಬಿ ಒಂದು ಗಂಟೆಯೊಳಗೆ ಮುಗಿಯಿತು. ಅದಕ್ಕೆ ಮೊದಲು ಒಮ್ಮೆ ನಿರಾಕರಿಸಿತ್ತು. ಬೇಗ ಚಾಲೂ ಆಗಲೆಂದು ವಿಂಡೋಸಿನಲ್ಲಿರುವ ಫಾಸ್ಟ್ ಸ್ಟಾರ್ಟಪ್ ಸೌಲಭ್ಯದಿಂದಾಗಿ ಅದು ಪೂರ್ತಿ ಮುಚ್ಚಿರಲಿಲ್ಲ. ಶಿಫ್ಟ್ ಕೀಲಿ ಒತ್ತಿಹಿಡಿದು ಶಟ್ ಡೌನ್ ಮಾಡಿದ ಮೇಲೆ ಒಪ್ಪಿಕೊಂಡಿತು. ಬಳಿಕ ಹಳೆಯ ಡಿಸ್ಕನ್ನು ಕಳಚಿಟ್ಟೇ ಗಣಕ ಚಾಲೂ ಮಾಡಿದೆ. ಇದು ಬಹಳ ಮುಖ್ಯ. ತದ್ರೂಪಿ ಡಿಸ್ಕ್‌ಗಳೆರಡರ ಗುರುತಿನ ಸಂಖ್ಯೆಯೂ ಒಂದೇ ಆಗಿರುತ್ತದೆ. ಎರಡನ್ನೂ ಒಟ್ಟಿಗೆ ಕಂಡರೆ ವಿಂಡೋಸ್ ಗೊಂದಲಕ್ಕೆ ಬಿದ್ದು ಒಂದನ್ನು ಆಫ್‌ಲೈನ್ ಮಾಡಿಬಿಡಬಹುದು. ಪೇಜ್‌ಮೇಕರ್ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯಿತು, ನುಡಿಯ ಒತ್ತಕ್ಷರ ಒಂದೂ ಕದಲಿರಲಿಲ್ಲ. ಸಂಚಿಕೆ ಹೊತ್ತಿಗೆ ಸರಿಯಾಗಿ ಅಚ್ಚಿಗೆ ಹೋಯಿತು.

ಅಂದಿನಿಂದ ಒಂಬತ್ತು ಗಣಕಗಳಿಗೆ ಇದನ್ನೇ ಬಳಸಿದ್ದೇನೆ. ತೊಂದರೆ ಕೊಟ್ಟದ್ದು ಮಾಟುಂಗದ ಸ್ನೇಹಿತರೊಬ್ಬರ ಹೋಟೆಲಿನ ಬಿಲ್ಲಿಂಗ್ ಗಣಕ ಮಾತ್ರ. ಹಳೆಯ ಬಗೆಯ ಸಾಟಾ ಜೋಡಣೆಯ ಡಿಸ್ಕಿನಿಂದ ಹೊಸ ಬಗೆಯ ಎನ್‌ವಿಎಂಇ ಡಿಸ್ಕಿಗೆ ಹೋದಾಗ ‘ಇನ್‌ಆ್ಯಕ್ಸೆಸಿಬಲ್ ಬೂಟ್ ಡಿವೈಸ್’ ಎಂಬ ನೀಲಿ ಪರದೆ ಬಂತು. ನಕಲು ಸರಿಯಾಗಿಯೇ ಇತ್ತು; ಹೊಸ ಬಗೆಯ ಡಿಸ್ಕಿಗೆ ಬೇಕಾದ ಡ್ರೈವರನ್ನು ವಿಂಡೋಸ್ ಬೂಟ್ ಸಮಯದಲ್ಲಿ ಎತ್ತಿಕೊಳ್ಳುತ್ತಿರಲಿಲ್ಲ. ಕನಿಷ್ಠ ಡ್ರೈವರ್‌ಗಳಷ್ಟೇ ಇರುವ ಸೇಫ್ ಮೋಡಿನಲ್ಲಿ ಒಮ್ಮೆ ಎಬ್ಬಿಸಿದ ಮೇಲೆ ತಾನಾಗಿಯೇ ಸರಿಹೋಯಿತು.

ಕೊಳ್ಳುವವರಿಗೆ ಒಂದು ಮಾತು: 500 ಜಿಬಿಯ ಹಳೆಯ ಡಿಸ್ಕಿಗೆ 480 ಜಿಬಿಯ ಎಸ್‌ಎಸ್‌ಡಿ ತರಬೇಡಿ. ಒಳಗೆ ಎಷ್ಟೇ ಜಾಗ ಖಾಲಿ ಇರಲಿ, ಗುರಿಯ ಡಿಸ್ಕ್ ಚಿಕ್ಕದಾದರೆ ಕ್ಲೋನ್‌ಜಿಲ್ಲಾ ಸಾಮಾನ್ಯವಾಗಿ ಮುಂದೆ ಹೋಗುವುದಿಲ್ಲ. ಡಿಸ್ಕಿನ ಮಾಹಿತಿಗೆ ಗೂಢಲಿಪಿಯ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಇದ್ದರೆ ಮೊದಲು ಅದನ್ನು ತೆಗೆಯಿರಿ, ಅದರ 48 ಅಂಕಿಗಳ ರಿಕವರಿ ಕೀಲಿಯನ್ನು ಬೇರೆ ಕಡೆ ಬರೆದಿಡಿ.

ಹೊಸಬರಿಗೆ ಇದರ ಅಕ್ಷರಮಯ ಪರದೆ ಭಯ ಹುಟ್ಟಿಸುತ್ತದೆ, ಆ ಭಯ ಅರ್ಥವಿಲ್ಲದ್ದಲ್ಲ. ಮೂಲ ಯಾವುದು, ಗುರಿ ಯಾವುದು ಎಂಬುದು ಅದಲುಬದಲಾದರೆ ಖಾಲಿ ಡಿಸ್ಕೇ ನಿಮ್ಮ ದುಡಿಮೆಯ ಮೇಲೆ ನಕಲಾಗುತ್ತದೆ. ಕ್ಲೋನ್‌ಜಿಲ್ಲಾ ಡಿಸ್ಕ್‌ಗಳಿಗೆ ಕೊಡುವ ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳ ಪಕ್ಕದಲ್ಲಿ ಡಿಸ್ಕಿನ ಮಾದರಿ ಮತ್ತು ಕ್ರಮಸಂಖ್ಯೆಯೂ ಕಾಣುತ್ತದೆ. ಎರಡೂ ಡಿಸ್ಕ್‌ಗಳ ಕ್ರಮಸಂಖ್ಯೆಯ ಕೊನೆಯ ನಾಲ್ಕು ಅಕ್ಷರಗಳನ್ನು ಚೀಟಿಯಲ್ಲಿ ಬರೆದು ಕೀಬೋರ್ಡಿನ ಮೇಲಂಚಿಗೆ ಅಂಟಿಸಿಕೊಳ್ಳುತ್ತೇನೆ, ಅದು ದೃಢೀಕರಣ ಕೇಳಿದಾಗಲೆಲ್ಲ ಚೀಟಿ ನೋಡಿಯೇ ‘ವೈ’ (ಹೌದು) ಒತ್ತುತ್ತೇನೆ. ಕಳಚಿದ ಹಳೆಯ ಡಿಸ್ಕಿನ ಮೇಲೆ ದಿನಾಂಕ ಬರೆದು ಒಂದು ತಿಂಗಳು ಕಪಾಟಿನಲ್ಲಿಡುತ್ತೇನೆ, ಅಲ್ಲಿಯವರೆಗೆ ಅದನ್ನು ಯಾರೂ ಮುಟ್ಟುವಂತಿಲ್ಲ.